ಪೈಲ್ವಾನರಿಗಿಂತ ಮೊದಲು ಹದಕ್ಕೆ ಬರುವ ಮಣ್ಣು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಜಾತ್ರೆ ಹತ್ತಿರ ಬಂತೆಂದರೆ ಗೋಡೆಗಳ ಮೇಲೆ ಕುಸ್ತಿಯ ಪೋಸ್ಟರು ಏಳುತ್ತವೆ. ಮೇಲೆ ಊರ ದೇವರು, ನಡುವೆ ತೊಡೆ ತಟ್ಟಿ ನಿಂತ ಇಬ್ಬರು ಪೈಲ್ವಾನರು, ಅವರ ನಡುವೆ ಇನಾಮಿನ ಮೊತ್ತ, ಅಂಚಿನುದ್ದಕ್ಕೂ ದೇಣಿಗೆ ಕೊಟ್ಟವರ ಸಣ್ಣ ಸಣ್ಣ ಮುಖ. ‘ಜಂಗೀ ನಿಕಾಲಿ ಕುಸ್ತಿಗಳು’ ಎಂಬ ತಲೆಬರಹ ಮಾತ್ರ ಎಲ್ಲ ಊರಲ್ಲೂ ಒಂದೇ. ಹಲಗಿ ಬಾರಿಸುವವರ ಹೆಸರನ್ನೂ ಹಾಕುವ ಈ ಪೋಸ್ಟರಿನಲ್ಲಿ ಕಣ ಕಟ್ಟುವವರ ಹೆಸರನ್ನು ನಾನಂತೂ ಕಂಡಿಲ್ಲ.

ನಿಕಾಲಿ ಕುಸ್ತಿಗೆ ಗಡಿಯಾರ ಇಲ್ಲ, ಅಂಕದ ಲೆಕ್ಕ ಇಲ್ಲ. ಒಬ್ಬನ ಬೆನ್ನು ಮಣ್ಣಿಗೆ ತಾಗಬೇಕು, ಎರಡೂ ಭುಜ ಊರಬೇಕು. ಅಲ್ಲಿಯವರೆಗೆ ಹತ್ತು ನಿಮಿಷ ಹಿಡಿದರೂ ಸರಿ, ಮುಕ್ಕಾಲು ತಾಸು ಹಿಡಿದರೂ ಸರಿ. ಅಷ್ಟು ಹೊತ್ತು ನೂರು ಕಿಲೋ ತೂಗುವ ಇಬ್ಬರು ಆಳುಗಳು ಎಳೆದಾಡಿ, ಎತ್ತಿ ಒಗೆದು, ಒಬ್ಬರ ಮೇಲೊಬ್ಬರು ಬೀಳುವ ಜಾಗ ಅದು. ಬಿದ್ದವನ ಎಲುಬು ಮುರಿಯಬಾರದು, ನಿಂತವನ ಕಾಲು ಜಾರಬಾರದು, ಇಬ್ಬರಲ್ಲಿ ಯಾರಿಗೂ ಜಾಗದಿಂದ ಲಾಭ ಆಗಬಾರದು. ಈ ಮೂರನ್ನೂ ಒಟ್ಟಿಗೆ ಸಾಧಿಸುವ ವಿದ್ಯೆ ಕಾಗದದ ಮೇಲೆ ಎಲ್ಲಿಯೂ ಇಲ್ಲ. ಹಳೇ ಪೈಲ್ವಾನರ, ತಾಲೀಮಿನಲ್ಲಿ ಎಂದರೆ ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದರ ಅಂಗೈಯಲ್ಲಿದೆ.

ಮೊದಲ ಕೆಲಸ ಜಾಗ ಗೊತ್ತು ಮಾಡುವುದು. ಗುಡಿಯ ಮುಂದಿನ ಬಯಲು ಇದ್ದರೆ ಪ್ರಶ್ನೆಯೇ ಇಲ್ಲ ಎಂದು ಹೊರಗಿನವರಿಗೆ ಅನಿಸುತ್ತದೆ. ತಿಳಿದವರು ಹಾಗೆ ಒಪ್ಪುವುದಿಲ್ಲ. ಜನ ನೆಲದ ಮೇಲೆ ಕೂತು ನೋಡುವ ಆಟ ಇದು. ಸಪಾಟು ಬಯಲಾದರೆ ಮುಂದಿನ ನಾಲ್ಕು ಸಾಲಿಗೆ ಕುಸ್ತಿ ಕಾಣುತ್ತದೆ, ಹಿಂದಿನವರಿಗೆ ಬರೀ ಟೋಪಿ, ರುಮಾಲು ಕಾಣುತ್ತವೆ. ಆಮೇಲೆ ಹಿಂದಿನವರು ಏಳುತ್ತಾರೆ, ಮುಂದಿನವರನ್ನು ತಳ್ಳುತ್ತಾರೆ, ಕುಸ್ತಿ ಕಣದ ಹೊರಗೂ ಶುರುವಾಗುತ್ತದೆ. ಆದ್ದರಿಂದ ಒಂದು ಕಡೆಯಾದರೂ ದಿಬ್ಬವೋ, ಕೆರೆಯ ಏರಿಯೋ, ಹಳ್ಳದ ದಂಡೆಯೋ ಇರುವ ಜಾಗವನ್ನು ಹುಡುಕುತ್ತಾರೆ. ಬಿಸಿಲಿನ ಲೆಕ್ಕವೂ ಇದೆ. ಕುಸ್ತಿ ಮಧ್ಯಾಹ್ನ ಶುರುವಾಗಿ ದೀಪ ಹಚ್ಚುವ ಹೊತ್ತಿನವರೆಗೆ ನಡೆಯುತ್ತದೆ. ಪಶ್ಚಿಮದ ದಂಡೆಯಲ್ಲಿ ಕೂತವರ ಬೆನ್ನಿಗೆ ಬಿಸಿಲು, ಪೂರ್ವದವರ ಕಣ್ಣಿಗೆ ಬಿಸಿಲು. ದೊಡ್ಡ ದಿಬ್ಬ ಪಶ್ಚಿಮಕ್ಕಿದ್ದರೆ ಅದಕ್ಕಿಂತ ಒಳ್ಳೆಯ ಮೈದಾನ ಇಲ್ಲ.

ಹೊಲದಲ್ಲಿ ಕಣ ಮಾಡುವುದಾದರೆ ಇನ್ನೊಂದು ಎಚ್ಚರ. ಇದು ಕಬ್ಬಿನ ಸೀಮೆ. ಕಬ್ಬು ಕಡಿದ ಹೊಲ ಕಣ್ಣಿಗೆ ಖಾಲಿ, ಒಳಗೆ ಕೂಳೆಯ ಮೊನೆ. ಜೋಳ ಕೊಯ್ದ ಹೊಲದ ಕತೆಯೂ ಹೆಚ್ಚು ಕಡಿಮೆ ಅದೇ. ಒಂದು ವರ್ಷ ಬೀಳು ಬಿಟ್ಟ ಹೊಲ ಸಿಕ್ಕರೆ ಪುಣ್ಯ. ಅದರಲ್ಲೂ ಜಾಲಿ ಮರದ ನೆರಳು ಬೀಳುವ ಮೂಲೆಯನ್ನು ಬಿಟ್ಟೇ ಗುರುತು ಹಾಕುತ್ತಾರೆ, ಏಕೆಂದರೆ ನೆರಳು ಇದ್ದಲ್ಲಿ ಮುಳ್ಳು ಇದ್ದೇ ಇರುತ್ತದೆ.

ಜಾಗ ಸಿಕ್ಕಿತು, ಆದರೆ ಆ ಜಾಗದ ಮಣ್ಣು ಕುಸ್ತಿಗೆ ಬಾರದು. ಕೃಷ್ಣೆ, ದೂಧಗಂಗಾ, ವೇದಗಂಗಾ ಹರಿಯುವ ಈ ತಾಲೂಕುಗಳ ಬಹುಪಾಲು ನೆಲ ಎರೆಮಣ್ಣು. ಕಬ್ಬಿಗೆ, ಜೋಳಕ್ಕೆ ಅದು ಚಿನ್ನ, ಪೈಲ್ವಾನನಿಗೆ ಶತ್ರು. ನೀರು ಕುಡಿದರೆ ಉಬ್ಬಿ ಅಂಟುತ್ತದೆ, ಒಣಗಿದರೆ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ, ಹೆಂಟೆ ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಕೆಂಪು ಮಣ್ಣಿನಲ್ಲಿ ಈ ಉಬ್ಬುವ ಜೇಡಿ ಕಡಿಮೆ. ಪುಡಿಯಾಗಿಯೇ ಉಳಿಯುತ್ತದೆ, ನೀರನ್ನು ಹದವಾಗಿ ಹಿಡಿದು ಬೇಗ ಬಿಡುತ್ತದೆ. ಹೀಗಾಗಿ ಕುಸ್ತಿ ಎಂದರೆ ಕೆಂಪು ಮಣ್ಣೇ ಆಗಬೇಕು, ಅದು ಪಶ್ಚಿಮದ ಗುಡ್ಡಗಳ ಕಡೆಯಿಂದಲೋ, ಸಿಕ್ಕ ಕೆಂಪು ದಿಬ್ಬದಿಂದಲೋ ಬರಬೇಕು.

ಎಷ್ಟು ಬರಬೇಕು? ಮೂವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲದ ಕಣಕ್ಕೆ ಒಂದಡಿ ಮಣ್ಣು ಹಾಕುತ್ತೇವೆ ಎಂದುಕೊಳ್ಳಿ. 900 ಘನ ಅಡಿ ಆಯಿತು. ಈ ಕಡೆ ಮಣ್ಣು, ಉಸುಕು ಅಳೆಯುವುದು ಬ್ರಾಸಿನಲ್ಲಿ, ಒಂದು ಬ್ರಾಸಿಗೆ 100 ಘನ ಅಡಿ. ಒಂಬತ್ತು ಬ್ರಾಸ್ ಮಣ್ಣು, ತೂಕದಲ್ಲಿ ಮೂವತ್ತು ಟನ್ನಿನ ಸುಮಾರು. ಟ್ರ್ಯಾಕ್ಟರಿನವರ ಬಾಡಿಗೆ, ಡೀಸೆಲ್, ತುಂಬುವವರ ಕೂಲಿ ಸೇರಿದರೆ ಸಣ್ಣ ಊರಿನ ಜಾತ್ರಾ ಕಮಿಟಿಗೆ ಇದೇ ದೊಡ್ಡ ಖರ್ಚು. ದುಡ್ಡು ಉಳಿಸಲು ಹೋಗಿ ಅರ್ಧ ಅಡಿಗೇ ನಿಲ್ಲಿಸುವವರಿದ್ದಾರೆ. ಮೊದಲ ಹತ್ತು ಜೋಡಿಗೆ ಗೊತ್ತಾಗುವುದಿಲ್ಲ. ಆಮೇಲೆ ಮೇಲಿನ ಮಣ್ಣು ಬದಿಗೆ ಸರಿದು ಕೆಳಗಿನ ಎರೆನೆಲ ಮೊಣಕಾಲಿಗೆ ತಾಗತೊಡಗುತ್ತದೆ.

ಬಂದ ಮಣ್ಣನ್ನು ಹಾಗೆಯೇ ಸುರಿಯುವಂತಿಲ್ಲ. ಮೊದಲು ಮನೆ ಕಟ್ಟುವವರ ದೊಡ್ಡ ಜರಡಿ. ಹರಳು, ಬೇರು, ಗಾಜಿನ ಚೂರು ಅಲ್ಲಿ ಉಳಿಯುತ್ತವೆ. ಆಮೇಲೆ ಸಣ್ಣ ಕಣ್ಣಿನ ಜರಡಿ. ಎರಡು ಜರಡಿ ದಾಟಿದ ಮಣ್ಣಿನಲ್ಲೂ ತಾಲೀಮಿನ ಹುಡುಗರು ಬರಿಗಾಲಲ್ಲಿ ಸಾಲಾಗಿ ನಡೆಯುತ್ತಾರೆ, ಅಂಗಾಲಿಗೆ ಚುಚ್ಚಿದ್ದನ್ನು ಹೆಕ್ಕಿ ಹೊರಗೆ ಒಗೆಯುತ್ತಾರೆ. ಯಾವ ಯಂತ್ರಕ್ಕೂ ಸಿಗದ ಒಂದು ಮುಳ್ಳು ಇವರಿಗೆ ಸಿಗುತ್ತದೆ.

ಇನ್ನು ಉಳಿದದ್ದು ಬೇಸಾಯವೇ. ಮಣ್ಣು ಹರವಿ ನೀರು ಹಾಕಿ ಬಿಡುತ್ತಾರೆ. ನೀರು ಇಳಿದ ಮೇಲೆ ಕುಂಟಿ ಹೊಡೆಯುತ್ತಾರೆ, ಇಲ್ಲವೇ ಸಲಿಕೆ ಗುದ್ದಲಿಯಲ್ಲಿ ತಿರುವಿ ಹಾಕುತ್ತಾರೆ. ಮತ್ತೆ ನೀರು, ಮತ್ತೆ ತಿರುವು. ಟ್ಯಾಂಕರಿನ ಪೈಪು ಹಚ್ಚಿ ಒಂದೇ ಸಲ ಹರಿಸಿದರೆ ಮೇಲೆ ಕೆಸರು, ಒಳಗೆ ಧೂಳು. ಅದಕ್ಕೇ ತಾಳ್ಮೆ ಇದ್ದವರು ಸಂಜೆ ಹೊತ್ತು ಚಿಮುಕಿಸಿ, ರಾತ್ರಿಯೆಲ್ಲ ಹಾಗೆಯೇ ಬಿಟ್ಟು, ಮುಂಜಾನೆ ಅಗೆಯುತ್ತಾರೆ. ತಾಲೀಮಿನಲ್ಲಿ ಈ ಅಗೆತ ದಿನದ ವ್ಯಾಯಾಮದ ಭಾಗ. ಹೊಸದಾಗಿ ಸೇರಿದ ಹುಡುಗನಿಗೆ ಪಟ್ಟು ಕಲಿಸುವ ಮೊದಲು ಸಲಿಕೆ ಕೊಡುತ್ತಾರೆ. ಭುಜ, ಸೊಂಟ, ಹಿಡಿತ ಮೂರೂ ಅದರಲ್ಲೇ ಗಟ್ಟಿಯಾಗುತ್ತವೆ. ತಿರುವಿದ ಮೇಲೆ ಕೊರಡು ಎಳೆದು ಸಮ ಮಾಡುವಾಗ ಮೇಲೊಬ್ಬ ಹುಡುಗ ಕೂರುವುದೂ ಉಂಟು. ಕೊರಡಿಗೆ ಭಾರ, ಹುಡುಗನಿಗೆ ಸವಾರಿ.

ಮಣ್ಣು ಹುಡಿಯಾದ ಮೇಲೆ ಅದಕ್ಕೆ ಬೀಳುವ ಸಾಮಾನಿನ ಪಟ್ಟಿ ಊರಿಂದ ಊರಿಗೆ ಬೇರೆ. ಮಜ್ಜಿಗೆ, ಎಣ್ಣೆ, ಲಿಂಬೆರಸ, ಅರಿಸಿನ, ಕರ್ಪೂರ, ಬೇವಿನ ಎಲೆ, ಬಣ್ಣಕ್ಕೆ ಕಾವಿ. ಅನುಕೂಲ ಇದ್ದವರು ತುಪ್ಪ, ಹಾಲನ್ನೂ ಹಾಕುತ್ತಾರೆ. ಮೈಸೂರು ದಸರಾ ಕುಸ್ತಿಯ ಕಣದಿಂದ ಕೊಲ್ಹಾಪುರದ ತಾಲೀಮುಗಳವರೆಗೆ ಈ ಪಟ್ಟಿಯ ಅರ್ಧದಷ್ಟು ಒಂದೇ. ಎಣ್ಣೆ ಮತ್ತು ಮಜ್ಜಿಗೆಯ ಕೆಲಸ ಕಣ್ಣಿಗೆ ಕಾಣುವಂಥದ್ದು: ಧೂಳನ್ನು ಹಿಡಿದಿಡುತ್ತವೆ, ಮಣ್ಣು ಬಹಳ ಹೊತ್ತು ಮೆತ್ತಗಿರುತ್ತದೆ, ಚರ್ಮ ತರಚುವುದು ಕಡಿಮೆಯಾಗುತ್ತದೆ. ಅರಿಸಿನಕ್ಕೆ ಈ ಕಡೆ ಬರವಿಲ್ಲ, ಕಾಗವಾಡ ದಾಟಿದರೆ ಸಾಂಗಲಿಯ ಅರಿಸಿನ ಪೇಟೆ. ಅದು ಗಾಯ ಮಾಯಿಸುತ್ತದೆ ಎಂಬ ನಂಬಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೂವತ್ತು ಟನ್ ಮಣ್ಣಿನಲ್ಲಿ ಕೆಲವು ಕಿಲೋ ಅರಿಸಿನ ಎಷ್ಟು ದೂರ ಹೋದೀತು? ಪೈಲ್ವಾನರು ಧನುರ್ವಾತದ ಇಂಜೆಕ್ಷನ್ ತಪ್ಪಿಸದಿರುವುದೇ ಒಳ್ಳೆಯದು. ಅರಿಸಿನ, ಕರ್ಪೂರ, ಲಿಂಬೆ ಬೆರೆತ ಆ ಮಣ್ಣಿನ ವಾಸನೆ ಮಾತ್ರ ಬೇರೆಯೇ ಮಾತು. ಕಣದ ಹತ್ತಿರ ಹೋದರೆ ಸಾಕು, ಕುಸ್ತಿ ಬಿಟ್ಟು ಇಪ್ಪತ್ತು ವರ್ಷ ಆದವರ ತೋಳೂ ಸುಮ್ಮನಿರುವುದಿಲ್ಲ.

ಹದ ಬಂದಿದೆಯೋ ಇಲ್ಲವೋ ನೋಡುವ ಕ್ರಮ ಸರಳ. ವಸ್ತಾದರು ಕಣದ ನಡುವಿನಿಂದ ಒಂದು ಹಿಡಿ, ನಾಲ್ಕು ಮೂಲೆಗಳಿಂದ ನಾಲ್ಕು ಹಿಡಿ ಮಣ್ಣೆತ್ತಿ ಮುಷ್ಟಿ ಬಿಗಿಯುತ್ತಾರೆ. ಬಿಟ್ಟಾಗ ಉಂಡೆ ನಿಲ್ಲಬೇಕು, ಬೆರಳಿನ ಗುರುತು ಅದರ ಮೇಲೆ ಮೂಡಬೇಕು, ಹೆಬ್ಬೆರಳಿನಿಂದ ತುಸು ಒತ್ತಿದರೆ ಉದುರಿ ಹೋಗಬೇಕು. ಒತ್ತಿದರೂ ಒಡೆಯದಿದ್ದರೆ ನೀರು ಹೆಚ್ಚು, ಕಾಲು ಜಾರುತ್ತದೆ. ಉಂಡೆಯೇ ಕಟ್ಟದಿದ್ದರೆ ನೀರು ಕಡಿಮೆ, ಕಣ್ಣಿಗೆ ಧೂಳು ಹಾರುತ್ತದೆ. ಜೋಳದ ಹಿಟ್ಟು ನಾದುವ ಹೆಂಗಸರು ನೀರನ್ನು ಅಳತೆ ಮಾಡಿ ಹಾಕುತ್ತಾರೆಯೇ? ಇದೂ ಹಾಗೆಯೇ. “ಕಣ್ಣೀಲೆ ನೋಡಬ್ಯಾಡೋ ತಮ್ಮಾ, ಕೈಲೆ ನೋಡು” ಎನ್ನುವುದು ತಾಲೀಮುಗಳಲ್ಲಿ ಹಿರಿಯರು ಕಿರಿಯರಿಗೆ ಹೇಳುವ ಮಾತು. ಐದು ಕಡೆಯ ಮಣ್ಣೂ ಒಂದೇ ಹದಕ್ಕೆ ಬಂದಿರಬೇಕು ಎಂಬುದು ಇಲ್ಲಿಯ ಮುಖ್ಯ ನಿಯಮ. ಒಂದು ಮೂಲೆ ಒದ್ದೆ, ಒಂದು ಮೂಲೆ ಒಣ ಇದ್ದರೆ ಜಾಣ ಪೈಲ್ವಾನ ಎದುರಾಳಿಯನ್ನು ಒದ್ದೆ ಮೂಲೆಗೆ ದಬ್ಬಿಕೊಂಡು ಹೋಗುತ್ತಾನೆ. ಆಮೇಲೆ ಗೆದ್ದದ್ದು ಪಟ್ಟೋ, ಮೂಲೆಯೋ ಎಂದು ಊರೆಲ್ಲ ವಾದ.

ಆಟದ ಜಾಗವನ್ನು ಹೀಗೆ ಹದ ಮಾಡುವ ವಿದ್ಯೆ ನಮ್ಮಲ್ಲಿ ಮಾತ್ರ ಇದೆ ಎಂದುಕೊಳ್ಳಬೇಕಿಲ್ಲ. ಶ್ರೀಮಂತರ ಆಟವಾದ ಗಾಲ್ಫಿನಲ್ಲಿ ಇದು ದೊಡ್ಡ ಶಾಸ್ತ್ರವಾಗಿ ಬೆಳೆದಿದೆ. 1860ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಶುರುವಾದ ಓಪನ್ ಪಂದ್ಯಾವಳಿ ಇಂದಿಗೂ ಕಡಲ ದಂಡೆಯ ಕೆಲವೇ ಮೈದಾನಗಳ ನಡುವೆ ಸುತ್ತುತ್ತದೆ. ಮೈದಾನ ಚೆನ್ನಾಗಿದ್ದರೆ ಸಾಲದು, ರಸ್ತೆ, ಉಳಿಯುವ ವ್ಯವಸ್ಥೆ, ಲಕ್ಷಗಟ್ಟಲೆ ಜನ ನಿಲ್ಲುವ ಜಾಗ ಎಲ್ಲವನ್ನೂ ನೋಡುತ್ತಾರೆ. ಉತ್ತರ ಐರ್ಲೆಂಡಿನ ರಾಯಲ್ ಪೋರ್ಟ್‌ರಶ್ 1951ರಲ್ಲಿ ಒಮ್ಮೆ ಓಪನ್ ನಡೆಸಿ, ಮತ್ತೊಮ್ಮೆ ಅವಕಾಶಕ್ಕೆ 2019ರವರೆಗೆ ಕಾಯಬೇಕಾಯಿತು. ಇನ್ನು ಚೆಂಡು ಕುಳಿ ಸೇರುವ ನುಣುಪು ಹುಲ್ಲಿನ ಗ್ರೀನಿನ ಮೇಲೆ ಅದು ಎಷ್ಟು ಓಡುತ್ತದೆ ಎಂದು ಅಳೆಯಲು ಸ್ಟಿಂಪ್‌ಮೀಟರ್ ಎಂಬ ಸಲಕರಣೆ ಇದೆ. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ಎಂಬಾತ ಯೋಚಿಸಿದ್ದು. ಉದ್ದಕ್ಕೂ ತೋಡು ಇದ್ದ ಒಂದು ಪಟ್ಟಿ ಅಷ್ಟೇ. ಅದರ ಮೇಲೆ ಚೆಂಡಿಟ್ಟು ಓರೆ ಮಾಡಿದರೆ ಚೆಂಡು ಉರುಳುತ್ತದೆ, ಎಷ್ಟು ಅಡಿ ಹೋಯಿತು ಎಂಬುದೇ ಲೆಕ್ಕ. ಇಷ್ಟೆಲ್ಲ ಇದ್ದೂ ಹದ ತಪ್ಪುತ್ತದೆ. 2004ರ ಯು.ಎಸ್. ಓಪನ್ ನಡೆದ ಶಿನ್ನೆಕಾಕ್ ಹಿಲ್ಸ್‌ನಲ್ಲಿ ಕೊನೆಯ ದಿನ ಏಳನೇ ಗ್ರೀನ್ ಎಷ್ಟು ಒಣಗಿ ಬಿರುಸಾಯಿತೆಂದರೆ ಚೆಂಡು ನಿಲ್ಲಲೇ ಇಲ್ಲ, ಆಟದ ನಡುವೆಯೇ ನೀರು ಹಾಕಬೇಕಾಯಿತು. ಮೊದಲು ಆಡಿದವರಿಗೆ ಒಣ ಹುಲ್ಲು, ಆಮೇಲೆ ಬಂದವರಿಗೆ ತೇವದ ಹುಲ್ಲು. ನಮ್ಮ ವಸ್ತಾದರ ಭಾಷೆಯಲ್ಲಿ ಹೇಳುವುದಾದರೆ, ಮೂಲೆ ಗೆದ್ದ ಪಂದ್ಯ.

ಕುಸ್ತಿಯ ದಿನ ಮುಂಜಾನೆ ಪೂಜೆ. ಹಣಮಪ್ಪನ ಪಟ ಇಟ್ಟು ಊದುಬತ್ತಿ ಹಚ್ಚಿ ಕಾಯಿ ಒಡೆಯುತ್ತಾರೆ, ಒಡೆಯುವುದು ಮಾತ್ರ ಕಣದಿಂದ ದೂರದಲ್ಲಿ. ಕರಟದ ಒಂದು ಚೂರು ಮಣ್ಣಿಗೆ ಬಿದ್ದರೂ ವಾರದ ಜರಡಿ ಕೆಲಸ ಹಾಳು. ಕಣದ ಸುತ್ತ ನಾಲ್ಕಾರು ಅಡಿ ಜಾಗ ಬಿಟ್ಟು ಬಿದಿರಿನ ಗಳ ಕಟ್ಟಿರುತ್ತಾರೆ, ಹೊರಗೆ ಹಾರಿ ಬಿದ್ದ ಪೈಲ್ವಾನ ಜನರ ಮೇಲೆ ಬೀಳಬಾರದಲ್ಲ. ಒಂದು ಮೂಲೆಗೆ ಮಡಚಿಟ್ಟ ತಾಡಪತ್ರಿ. ಯುಗಾದಿ ದಾಟಿದ ಮೇಲಿನ ಜಾತ್ರೆಗಳಲ್ಲಿ ಅಡ್ಡಮಳೆ ಯಾವಾಗ ಬಂದೀತೆಂದು ಹೇಳಲಾಗದು, ಕಾಲು ತಾಸಿನ ಮಳೆ ಸಾಕು ಹದವೆಲ್ಲ ಕೆಸರಾಗಲು. ಮುಂದಾಲೋಚನೆ ಇರುವವರು ಸುತ್ತ ಸಣ್ಣ ಕಾಲುವೆಯನ್ನೂ ತೋಡಿರುತ್ತಾರೆ.

ಮಧ್ಯಾಹ್ನ ಸಣ್ಣ ಹುಡುಗರ ಜೋಡಿಗಳಿಂದ ಶುರು. ಹಲಗಿ ಬಡಿಯುತ್ತಲೇ ಇರುತ್ತದೆ. ಪ್ರತಿ ಜೋಡಿಯೂ ಕಣಕ್ಕಿಳಿಯುವಾಗ ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತದೆ, ಒಂದು ಹಿಡಿ ಎತ್ತಿ ಎದುರಿನವನ ಕೈಗೆ, ಭುಜಕ್ಕೆ ಸವರುತ್ತದೆ. ಭಕ್ತಿಯೂ ಹೌದು, ಅಗತ್ಯವೂ ಹೌದು. ಬೆವರಿದ ಮೈ ಹಿಡಿತಕ್ಕೆ ಸಿಗುವುದಿಲ್ಲ, ಮಣ್ಣು ಹತ್ತಿದ ಮೈ ಸಿಗುತ್ತದೆ. ಎದುರಾಳಿಯನ್ನು ಹಿಡಿಯಲು ಅನುಕೂಲವಾಗಲಿ ಎಂದು ಅವನ ಮೈಗೆ ನಾನೇ ಮಣ್ಣು ಹಚ್ಚುವುದು, ನನ್ನ ಮೈಗೆ ಅವನು ಹಚ್ಚುವುದು.

ನಲವತ್ತು ಐವತ್ತು ಜೋಡಿ ಆಡಿದ ಮೇಲೆ ಕಣದ ನಡುಭಾಗ ತುಳಿತಕ್ಕೆ ಗಟ್ಟಿಯಾಗಿರುತ್ತದೆ, ಬಿಸಿಲಿಗೆ ಮೇಲಿನ ತೇವ ಹಾರಿರುತ್ತದೆ. ಕಡೇ ಕುಸ್ತಿಗೆ ಮುಂಚೆ ಸಲಿಕೆ ಹಿಡಿದವರು ಇಳಿದು ಮತ್ತೊಮ್ಮೆ ತಿರುವಿ, ನೀರು ಚಿಮುಕಿಸಿ, ಸಮ ಮಾಡಬೇಕು. ಇದೇ ಹೊತ್ತಿಗೆ ಮೈಕಿನಲ್ಲಿ ಗಣ್ಯರ ಸತ್ಕಾರ ಶುರುವಾಗುತ್ತದೆ. ಶಾಲು, ಹಾರ, ಫೇಟಾ, ಫೋಟೋ. ಜನರಿಗೆ ಬೇಸರವಾದರೂ ಕಣದವರಿಗೆ ಅದು ಸಿಕ್ಕ ಬಿಡುವು. ಅವರ ಸಿಟ್ಟು ಬೇರೆ ಕಾರಣಕ್ಕೆ: ಗಣ್ಯರು ಚಪ್ಪಲಿ ಕಾಲಲ್ಲೇ ಕಣಕ್ಕೆ ಇಳಿದು ಪೈಲ್ವಾನರ ಕೈ ಹಿಡಿದು ಫೋಟೋಕ್ಕೆ ನಿಲ್ಲುತ್ತಾರೆ. ಅಥಣಿ, ನಿಪ್ಪಾಣಿಯ ಸುತ್ತ ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿರುವುದು ಅಭಿಮಾನದ ಸಂಗತಿಯೇ, ಆದರೆ ಅದರ ಜಾಗ ಕಣದ ಹೊರಗೆ.

ಈ ವಿದ್ಯೆ ಇಲ್ಲಿ ಬೇರೂರಿದ್ದರಲ್ಲಿ ಕೊಲ್ಹಾಪುರದ ಪಾಲು ದೊಡ್ಡದು. ರಾಯಬಾಗ ಒಂದು ಕಾಲಕ್ಕೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1894ರಿಂದ 1922ರವರೆಗೆ ಆಳಿದ ರಾಜರ್ಷಿ ಶಾಹೂ ಮಹಾರಾಜರು ಸ್ವತಃ ಪೈಲ್ವಾನರು, ಪೈಲ್ವಾನರ ಆಶ್ರಯದಾತರು. 1902ರಲ್ಲಿ ಯುರೋಪಿಗೆ ಹೋದಾಗ ಅವರು ರೋಮಿನ ಕಲೋಸಿಯಂ ನೋಡಿ ಬಂದರು, ಅದರ ಗುಂಗಿನಲ್ಲೇ ಖಾಸಬಾಗ ಮೈದಾನ ಕಟ್ಟಿಸಿದರು ಎನ್ನುತ್ತಾರೆ. 1912ರಲ್ಲಿ ಅದು ಸಿದ್ಧವಾಯಿತು. ನಡುವೆ ದುಂಡನೆಯ ಕಣ, ಸುತ್ತ ಇಳಿಜಾರು. ಹತ್ತಾರು ಸಾವಿರ ಜನ ಎಲ್ಲಿ ಕೂತರೂ ಅಡ್ಡಿಯಿಲ್ಲದೆ ಕುಸ್ತಿ ಕಾಣಬೇಕು ಎಂಬುದೇ ಅದರ ಇಡೀ ಲೆಕ್ಕಾಚಾರ. ನಮ್ಮ ಹಳ್ಳಿಯವರು ಕೆರೆಯೇರಿ ಹುಡುಕಿ ಮಾಡುವುದನ್ನೇ ಅರಸರು ಕಲ್ಲಿನಲ್ಲಿ ಮಾಡಿಸಿದರು.

ಚಿಕ್ಕೋಡಿ ತಾಲೂಕಿನ ಯಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ ಈ ಮಣ್ಣಿನಿಂದಲೇ ಮೇಲೆ ಬಂದವರು. ಕೊಲ್ಹಾಪುರಕ್ಕೆ ಹೋಗಿ ತಾಲೀಮು ಮಾಡಿ 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾ ಸಿಂಗನನ್ನು ಸೋಲಿಸಿ ಹಿಂದ್ ಕೇಸರಿ ಪಟ್ಟ ಗೆದ್ದರು. 2020ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಕರ್ನಾಟಕ, ಮಹಾರಾಷ್ಟ್ರ ಗಡಿಯ ಎರಡೂ ಕಡೆಯವರು ನಮ್ಮವರು ಎಂದೇ ದುಃಖಪಟ್ಟರು. ಭಾಷೆಯ ಜಗಳ ಎಷ್ಟೇ ಇರಲಿ, ಈ ಭಾಗದ ಪೋಸ್ಟರಿನಲ್ಲಿ ಒಂದು ಕಡೆ ಕನ್ನಡದ ಪೈಲ್ವಾನ, ಇನ್ನೊಂದು ಕಡೆ ಮರಾಠಿ ಪೈಲ್ವಾನ ಇದ್ದರೇ ಜನ ಕೂಡುವುದು.

ಈಗ ಮ್ಯಾಟು ಬಂದಿದೆ. ಹನ್ನೆರಡು ಮೀಟರ್ ಚೌಕದ ಹಾಸು, ಅದರೊಳಗೆ ಒಂಬತ್ತು ಮೀಟರಿನ ವೃತ್ತ, ಮೂರು ಮೂರು ನಿಮಿಷದ ಎರಡು ಸುತ್ತು, ಅಂಕದ ಫಲಕ. ಒಲಿಂಪಿಕ್ಸಿಗೆ ಹೋಗಬೇಕಾದರೆ ಬೇರೆ ದಾರಿ ಇಲ್ಲ. 1952ರ ಹೆಲ್ಸಿಂಕಿಯಲ್ಲಿ ಕಂಚು ತಂದ ಸಾತಾರಾ ಜಿಲ್ಲೆಯ ಖಾಶಾಬಾ ಜಾಧವ್ ಕೂಡ ಮಣ್ಣಿನಲ್ಲಿ ಬೆಳೆದು ಆಮೇಲೆ ಮ್ಯಾಟಿಗೆ ಹೊಂದಿಕೊಂಡವರೇ. ಮ್ಯಾಟಿನಲ್ಲಿ ಕಾಲು ಹೂಳುವುದಿಲ್ಲ, ಆದ್ದರಿಂದ ವೇಗ ಹೆಚ್ಚು. ಮಣ್ಣಿನಲ್ಲಿ ಪ್ರತಿ ಹೆಜ್ಜೆಯನ್ನೂ ಕಿತ್ತು ಇಡಬೇಕು, ಆದ್ದರಿಂದ ದಮ್ಮು ಹೆಚ್ಚು. ಮಹಾರಾಷ್ಟ್ರ ಕೇಸರಿ ಪಂದ್ಯಾವಳಿಯಲ್ಲಿ ಮಣ್ಣಿನ ವಿಭಾಗ, ಗಾದಿಯ ಎಂದರೆ ಮ್ಯಾಟಿನ ವಿಭಾಗ ಎರಡನ್ನೂ ಇಟ್ಟುಕೊಂಡು ಎರಡರ ವಿಜೇತರನ್ನು ಕೊನೆಗೆ ಜೋಡಿ ಹಚ್ಚುತ್ತಾರೆ. ಎರಡೂ ಉಳಿಯಲು ಇದು ಒಳ್ಳೆಯ ದಾರಿ ಎಂದು ನನ್ನ ಅಭಿಪ್ರಾಯ. ಹಾಸಿದರೆ ಮುಗಿಯುವ ಮ್ಯಾಟಿಗೆ ಹದ ನೋಡುವವರು ಬೇಕಿಲ್ಲ. ಮಣ್ಣಿಗೆ ಬೇಕು, ಮತ್ತು ಹದ ನೋಡಬಲ್ಲ ಕೈಗಳಿಗೆ ವಯಸ್ಸಾಗುತ್ತಿದೆ.

ಮಾಜಿ ಪೈಲ್ವಾನರಿಗೆ ಕರ್ನಾಟಕ ಸರ್ಕಾರ ಮಾಸಾಶನ ಕೊಡುತ್ತದೆ, ಅದು ಸರಿಯಾದದ್ದೇ. ಕಣ ಕಟ್ಟುವವರದು ಮಾತ್ರ ಸೇವೆ ಎಂದೇ ನಡೆದುಕೊಂಡು ಬಂದಿದೆ. ಊಟ, ಚಹಾ, ಹೆಚ್ಚೆಂದರೆ ಕೊನೆಗೊಂದು ಟಾವೆಲ್ಲು. ಜಾತ್ರಾ ಕಮಿಟಿಯವರಲ್ಲಿ ಒಂದು ವಿನಂತಿ: ಈ ಸಲ ಲೆಕ್ಕದ ಪುಸ್ತಕ ತೆರೆದಾಗ ಮೊದಲ ಸಾಲಿನಲ್ಲಿ ಮಣ್ಣಿನ ಖರ್ಚು ಬರೆಯಿರಿ, ಪೂರ್ತಿ ಒಂದಡಿಯ ಲೆಕ್ಕ ಹಿಡಿಯಿರಿ, ಕಣ ಕಟ್ಟುವವರಿಗೆ ಕೂಲಿ ಗೊತ್ತು ಮಾಡಿ. ಹದ ಬಲ್ಲ ಹಿರಿಯರ ಜೊತೆ ಇಬ್ಬರು ಹುಡುಗರನ್ನು ಕಡ್ಡಾಯವಾಗಿ ನಿಲ್ಲಿಸಿ. ಪೋಸ್ಟರಿನಲ್ಲಿ ಜಾಗ ಇಲ್ಲವೆಂದರೆ ದೇಣಿಗೆಯವರ ಮುಖಗಳಲ್ಲಿ ಎರಡು ಕಡಿಮೆ ಮಾಡಿ ಕಣ ಕಟ್ಟುವವರ ಹೆಸರು ಹಾಕಿ.